ಕಾಯಿ ಹೋಳಿನಲ್ಲಿ ರಂಗಕ್ಕ

ತುರುವೇಕೆರೆಯಲ್ಲಿ ಅಂಗಡಿ ಬೋರ್ಡು ಎಂದರೆ ಅಕ್ಬರ್ ಪಾಷಾ ಚಾಚಾ ಅವರ ಬ್ರಷ್ಷು. ಫ್ಲೆಕ್ಸ್ ಬಂದ ಮೇಲೆ ಅವರೂ ಒಂದು ಕಂಪ್ಯೂಟರ್ ತಂದು, ಸಂಜೆ ಕ್ಲಾಸಿನಲ್ಲಿ ಡಿಸೈನ್ ಕಲಿತಿದ್ದ ನನ್ನನ್ನು ಅದರ ಮುಂದೆ ಕೂರಿಸಿದರು.

ಮೊದಲ ಬೋರ್ಡು ಗಂಗಾಧರಯ್ಯನವರ ತೆಂಗಿನಕಾಯಿ ಮಂಡಿಯದು. ಒಡೆದ ಕಾಯಿ ಹೋಳಿನೊಳಗೆ ಅವರ ತಾಯಿ ರಂಗಕ್ಕನ ಮುಖ ಬರಬೇಕು.

"ನೋಡು ರುಕ್ಸಾನ, ಮುದುಕಿ ಒಪ್ಪಿದ್ರೆ ಮುಂದಿನ ಬೋರ್ಡೆಲ್ಲ ನಿಂದೇ. ಇಲ್ದಿದ್ರೆ ನಂಗೆ ನನ್ ಬ್ರಷ್ಷೇ ಸಾಕು," ಎಂದಿದ್ದರು ಚಾಚಾ.

ಎರಡು ದಿನ ಕೂತು ಮಾಡಿದೆ. ಕಾಯಿ ಹೋಳಿನ ಚಿತ್ರದ ಮೇಲೆ ರಂಗಕ್ಕನ ಫೋಟೊ ಇಟ್ಟು, ಬೇಡದ ಭಾಗ ಮರೆ ಮಾಡಲು ಅದಕ್ಕೆ ಮಾಸ್ಕ್ ಹಾಕಿ, ಚಿಪ್ಪಿನ ಒಳಂಚಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ದುಂಡಗೆ ಕೂರಿಸಿದೆ. ಆದರೂ ಏನೋ ತಪ್ಪಿದೆ ಎನಿಸುತ್ತಿತ್ತು. ನನಗೆ ಹಾಗೆ ಅನಿಸದ ಕೆಲಸವೇ ಇಲ್ಲವಾದ್ದರಿಂದ ಸುಮ್ಮನಾದೆ.

ತಾಯಿ ಮಗ ಬಂದರು. ರಂಗಕ್ಕ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಕಾಯಿ ಎಲ್ಲೋ ಗಂಗಾ?"

"ಅದೇ ಅಲ್ವೇನವ್ವಾ, ಒಳಗೆ ನೀನು ಕುಂತಿದ್ದೀಯಲ್ಲ."

"ನಾನ್ ಕುಂತಿವ್ನಿ. ತಿರುಳೆಲ್ಲಿ? ತಿರುಳೆಲ್ಲ ತೆಗೆದು ಬರೀ ಚಿಪ್ಪಲ್ಲಿ ಕೂರ್ಸವ್ರಲ್ಲಾ! ಮಂಡಿ ಬಾಗ್ಲಿಗೆ ಖಾಲಿ ಚಿಪ್ಪು ನೇತಾಕ್ತೀಯೇನ್ಲಾ? ಭಿಕ್ಷೆ ಹಾಕ್ರಪ್ಪಾ ಅಂದಂಗೈತೆ. ನನ್ ಮುಖ ಬ್ಯಾಡ, ಬುಡು."

ನನ್ನ ಕಿವಿ ಬಿಸಿಯಾಯಿತು. ದಿನಾ ಕಾಯಿ ತುರಿಯುವ ಮನೆಯವಳು ನಾನು. ಅಂಚು ನೀಟಾಗಲಿ ಎಂಬ ಆತುರದಲ್ಲಿ ಬೆಳ್ಳಗಿನ ತಿರುಳನ್ನು ಪೂರ್ತಿ ಫೋಟೊದಿಂದ ಮುಚ್ಚಿಬಿಟ್ಟಿದ್ದೆ. ಚಾಚಾ ಮೂಲೆಯಲ್ಲಿದ್ದ ಬ್ರಷ್ಷಿನ ಡಬ್ಬಿಯ ಕಡೆ ಒಮ್ಮೆ ನೋಡಿದರು, ಅಷ್ಟೆ.

"ಕೂತ್ಕೊಳ್ಳಿ ಅಜ್ಜಿ," ಎಂದೆ. "ತಿರುಳು ಎಲ್ಲೂ ಹೋಗಿಲ್ಲ. ನಿಮ್ಮ ಫೋಟೊ ಕೆಳಗೇ ಇದೆ. ತೋರಿಸ್ತೀನಿ."

ಅದಂತೂ ನನಗೆ ಖಾತ್ರಿ ಇತ್ತು. ಮಾಸ್ಕ್ ಯಾವುದನ್ನೂ ಅಳಿಸುವುದಿಲ್ಲ, ಮರೆ ಮಾಡುತ್ತದೆ. ಅದರ ಮೇಲೆ ಕಪ್ಪು ಬಳಿದರೆ ಅಲ್ಲಿ ಫೋಟೊ ಮರೆಯಾಗಿ ಕೆಳಗಿನದು ಕಾಣುತ್ತದೆ, ಬಿಳಿ ಬಳಿದರೆ ಫೋಟೊ ವಾಪಸ್ ಬರುತ್ತದೆ. ಕಂಪ್ಯೂಟರಿನಲ್ಲೇ ಅಂಚು ಮೆತ್ತಗಿರುವ ದೊಡ್ಡ ಬ್ರಷ್ ಆರಿಸಿಕೊಂಡು, ಬಣ್ಣ ತೆಳ್ಳಗೆ ಮಾಡಿ, ಹೋಳಿನ ಸುತ್ತ ಕಪ್ಪು ಎಳೆಯುತ್ತಾ ಬಂದೆ. ಚಿಪ್ಪಿನ ಪಕ್ಕದಲ್ಲೇ ತಿರುಳಿನ ಬಿಳುಪು ಕಾಣಿಸಿಕೊಂಡಿತು. ಸ್ವಲ್ಪ ಸ್ವಲ್ಪವೇ ಒಳಗೆ ಬಂದು ರಂಗಕ್ಕನ ನರೆಗೂದಲಿಗೆ ಸೇರಿತು. ಕೂದಲು ಎಲ್ಲಿ ಮುಗಿಯಿತು, ತಿರುಳು ಎಲ್ಲಿ ಶುರುವಾಯಿತು ಎಂದು ಗೆರೆ ಹಾಕಿ ಹೇಳುವಂತಿರಲಿಲ್ಲ.

ಚಾಚಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಈಗ ಕಾಯಿ ಆಯ್ತು," ಎಂದರು ರಂಗಕ್ಕ. ಮತ್ತೆ ಬಗ್ಗಿ ನೋಡಿ, "ಆದ್ರೆ ನನ್ ಓಲೆ ನುಂಗಾಕ್ಬುಟ್ಟೈತಲ್ಲವ್ವಾ ಇದು? ನಮ್ಮಪ್ಪ ಕೊಡ್ಸಿದ್ದು ಕಣವ್ವಾ."

ಬಿಳಿ ಬಣ್ಣ, ಚಿಕ್ಕ ಬ್ರಷ್. ಕಿವಿಯ ಹತ್ತಿರ ಎರಡು ಸಲ ಒತ್ತಿದೆ. ತಿರುಳಿನ ನಡುವಿನಿಂದ ಓಲೆ ಮಿಣ್ಣಗೆ ಹೊರಬಂತು.

ರಂಗಕ್ಕ ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಂಡರು. "ಹೂಂ, ಹಾಕ್ಸು ಬೋರ್ಡು."

"ಮುಂದಿನ ವಾರ ಬಟ್ಟೆ ಅಂಗಡಿದೊಂದು ಬೋರ್ಡು ಬರುತ್ತೆ," ಎಂದರು ಚಾಚಾ ನನ್ನ ಕಡೆ ತಿರುಗದೆ. "ಅದನ್ನೂ ನೀನೇ ಮಾಡು."

ಗಂಗಾಧರಯ್ಯ ಮೀಸೆ ತೀಡಿಕೊಂಡು ಕೇಳಿದರು: "ಪಕ್ಕದಲ್ಲಿ ಇನ್ನೊಂದು ಹೋಳಿಟ್ಟು ಅದ್ರಲ್ಲಿ ನಂದೂ ಒಂದು ಫೋಟೊ ಕೂರ್ಸಕ್ಕಾಗುತ್ತೇನಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ರಂಗಕ್ಕ ಎದ್ದು ಸೆರಗು ಕೊಡವಿದರು.

"ನೀನಿನ್ನೂ ಎಳನೀರು ಕಣ್ಲಾ. ಬಲೀಬೇಕು. ನಡಿ, ಬಸ್ಸು ಹೋದಾತು."