ಕೆಂಪಿಗೆ ಬೇರಾದವಳು

ನಾನೊಂದು ಕಾಡುಗುಲಾಬಿ. ಹುಟ್ಟಿದ್ದು ಬೆಟ್ಟದಂಚಿನ ಪೊದೆಯಲ್ಲಿ. ನಮಗೆ ನೆಟ್ಟಗೆ ನಿಲ್ಲುವ ತಾಕತ್ತಿಲ್ಲ ನೋಡಿ. ಕೊಕ್ಕೆಮುಳ್ಳು ಸಿಕ್ಕಿಸಿಕೊಂಡು ಪಕ್ಕದ ಮರ ಹತ್ತುತ್ತೇವೆ. ವರ್ಷಕ್ಕೊಂದೇ ಸಲ ಹೂ. ಐದೇ ಎಸಳು, ಬಿಳಿ. ಆಮೇಲೆ ಬರುವ ಕೆಂಪು ಕಾಯಿಯನ್ನು ಹಕ್ಕಿಗಳು ತಿನ್ನುತ್ತವೆ, ಕಾಡಿನ ಹಾಡಿಯ ಜನ ಕೆಮ್ಮಿಗೆ ಕಷಾಯ ಕಾಸುತ್ತಾರೆ. ಅಲ್ಲಿ ಸುಖವಾಗಿದ್ದೆ.

ನರ್ಸರಿಯ ಜವರಪ್ಪ ಬಂದು ನನ್ನ ಕಡ್ಡಿ ಕತ್ತರಿಸಿ ಒಯ್ದ. "ಇದರ ಬೇರು ಗಟ್ಟಿ, ಎಂಥ ಮಣ್ಣಿಗೂ ಜಗ್ಗಲ್ಲ" ಎಂದ. ಹೊಗಳಿದ ಎಂದುಕೊಂಡೆ, ಪೆದ್ದಿ ನಾನು! ಬೇರು ಬಿಟ್ಟ ಮೇಲೆ ನನ್ನ ತೊಗಟೆ ಸೀಳಿ, ಕೆಂಪು ಗುಲಾಬಿಯ ಒಂದು ಚಿಗುರುಗಣ್ಣು ಇಟ್ಟು ಕಸಿ ಕಟ್ಟಿದ. ಅದು ಚಿಗುರಿದ್ದೇ ತಡ, ನನ್ನ ತಲೆ ಕತ್ತರಿಸಿದ. ಅಂದಿನಿಂದ ದುಡಿಮೆ ನನ್ನದು, ಹೆಸರು ಆ ಕೆಂಪಿಯದು.

ಗುಂಡ್ಲುಪೇಟೆಯ ಬಸ್ ಡ್ರೈವರ್ ದಾಸೇಗೌಡರು ನಮ್ಮಿಬ್ಬರನ್ನೂ ಒಂದೇ ಗಿಡವೆಂದು ನರ್ಸರಿಯಿಂದ ಕೊಂಡು ತಂದು, ಹೆಂಡತಿ ಅಂಬುಜಮ್ಮನಿಗಾಗಿ ಕಾಂಪೌಂಡ್ ಪಕ್ಕ ನೆಟ್ಟು, ತಾವೇ ನೀರು ಹುಯ್ಯುತ್ತಿದ್ದರು. ಕೆಂಪಿ ಹೂಬಿಟ್ಟಾಗೆಲ್ಲ ಬೀದಿಗೆ ಬೀದಿಯೇ ಹೊಗಳಿತು. ನಾನು ಬುಡದಿಂದ ಒಂದು ಚಿಗುರು ಒಡೆದರೆ ಸಾಕು, ಚಿವುಟಿ ಎಸೆಯುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಬರಬರುತ್ತಾ ಉರಿಯುವುದಕ್ಕೂ ಬೇಸರವಾಯಿತು.

ಒಂದು ಬೇಸಿಗೆ ದಾಸೇಗೌಡರು ಎದೆನೋವಿನಿಂದ ತೀರಿಕೊಂಡರು. ಆಮೇಲೆ ಯಾರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಕೆಂಪಿ ಒಣಗಿ ಸತ್ತಳು. ನಾನು ಬುಡದಿಂದ ಎದ್ದು, ಕಾಂಪೌಂಡ್ ಹತ್ತಿ, ಮೈತುಂಬ ಬಿಳಿ ಹೂ ಬಿಟ್ಟೆ. ಅಂಬುಜಮ್ಮ ನನ್ನ ಮುಂದೆ ನಿಂತು ಬಿಕ್ಕಿದರು.

"ನೋಡ್ರೇ, ಅವರು ಹೋದ್ರು ಅಂತ ಗಿಡಾನೂ ಬಣ್ಣ ಬಿಟ್ಬಿಡ್ತು" ಎಂದು ಬಂದವರಿಗೆಲ್ಲ ತೋರಿಸಿದರು.

ಅಲ್ಲ ತಾಯಿ, ನಾನು ಬೇರೆಯವಳು ಎನ್ನಲು ನನಗೆ ಬಾಯೆಲ್ಲಿ? ದಿನಾ ಸಂಜೆ ಪಕ್ಕದಲ್ಲಿ ಕೂತು, ಗಂಡನೊಡನೆ ಆಡುವ ಮಾತನ್ನು ನನ್ನೊಡನೆ ಆಡುತ್ತಿದ್ದರು. ಇನ್ನೊಬ್ಬರ ಹೆಸರಿನಲ್ಲಿ ಹೂ ಬಿಟ್ಟೂ ಬಿಟ್ಟೂ ಸುಸ್ತಾಗಿ ಹೋದೆ.

ಮೊನ್ನೆ ಗೊಬ್ಬರ ಹಾಕಲು ಬಂದ ಜವರಪ್ಪ ನನ್ನನ್ನು ನೋಡಿ ನಕ್ಕೇಬಿಟ್ಟ.

"ಅಯ್ಯೋ ಅಂಬುಜಕ್ಕ, ಗೌಡ್ರು ನೆಟ್ಟ ಕೆಂಪು ಗುಲಾಬಿ ಸತ್ತು ಯಾವ ಕಾಲ ಆಯ್ತೋ! ಇದು ಅಡಿಯಲ್ಲಿದ್ದ ಕಾಡುಗಿಡ. ಕಿತ್ತುಹಾಕಿ ಹೊಸಾದು ನೆಡ್ತೀನಿ" ಎಂದು ಗುದ್ದಲಿ ಎತ್ತಿಕೊಂಡ.

ಅಂಬುಜಮ್ಮನ ಮುಖ ಬಿಳಿಚಿಕೊಂಡಿತು. ಕುಕ್ಕರಿಸಿ ಕೂತು ನನ್ನ ಬುಡ ಮುಟ್ಟಿ ನೋಡಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ನಿಜ ಹೇಳಲೇ, ಮುಗಿದರೆ ಮುಗಿಯಲಿ ಅನ್ನಿಸಿತ್ತು. ವಯಸ್ಸೂ ಆಯಿತು.

"ಬೇರು ಹಳೇದೇ ತಾನೆ ಜವರಪ್ಪ?"

"ಹೂಂ ಕಣಕ್ಕ, ಬೇರು ಅದೇಯ."

"ಹಂಗಾದ್ರೆ ಗುದ್ದಲಿ ಕೆಳಗಿಡು. ಅವರು ಅಷ್ಟು ವರ್ಷ ನೀರು ಹುಯ್ದಿದ್ದು ಇದಕ್ಕೇಯ, ಹೂವಿಗಲ್ಲ."