ಅಮ್ಮನ ತಟ್ಟೆಗೆ ಊಟ

೧
ಎಲ್ಲಿಂದ ಶುರು ಮಾಡಲಿ? ಅಮ್ಮ ಸತ್ತಲ್ಲಿಂದ ಮಾಡಿದರೆ ನೀವು ಮರುಗುತ್ತೀರಿ. ನಿಮ್ಮ ಮರುಕ ಯಾರಿಗೆ ಬೇಕು? ಲ್ಯಾಬಿನಿಂದ ಮಾಡಿದರೆ ಆಕಳಿಸುತ್ತೀರಿ. (ಹತ್ತನೇ ಕ್ಲಾಸೂ ಮುಗಿಸದವನು ಸ್ಟೆಮ್ ಸೆಲ್ ಬಗ್ಗೆ ಬರೆಯೋದಾ ಎಂದು ಮೂಗು ಮುರಿಯುವವರು ಇಲ್ಲೇ ಇಳಿದುಕೊಳ್ಳಬಹುದು.)

೨
ಸರಿ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಿಂದಲೇ ಶುರು. ಅಕ್ಕ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಂಶೋಧಕಿ. ಮಿದುಳು ಮೊದಮೊದಲು ಹೇಗೆ ಬೆಳೆಯುತ್ತದೆ ಎಂದು ತಿಳಿಯುವುದು ಅಲ್ಲಿಯವರ ಕೆಲಸ. ಅಮ್ಮ ಬದುಕಿದ್ದಾಗ ಅವಳ ತೋಳಿನಿಂದ ಚಿಟಿಕೆ ಚರ್ಮ ತೆಗೆದು, ಪುಸಲಾಯಿಸಿ, ಭ್ರೂಣದ ಕಾಲಕ್ಕೆ ಹಿಂದಿರುಗಿಸಿದ್ದಾಳೆ. ಆ ಜೀವಕೋಶಗಳು ಈಗ ಏನು ಬೇಕಾದರೂ ಆಗಬಲ್ಲವು; ಸ್ಟೆಮ್ ಸೆಲ್ ಎಂದರೆ ಅದೇ. ಒಂದು ದ್ರವ ಹಾಕಿದರೆ ಹೀಗೇ ಬೆಳೆಯುತ್ತಿರುತ್ತವೆ. ಇನ್ನೊಂದು ಹಾಕಿದರೆ ನರಕೋಶಗಳಾಗಿ, ಒಂದಕ್ಕೊಂದು ಕೈಚಾಚಿ ಮಿನುಗುತ್ತವೆ; ಆಮೇಲೆ ಹೆಚ್ಚುವುದಿಲ್ಲ, ಹಿಂದಿರುಗುವುದಿಲ್ಲ.

ದ್ರವ ಬದಲಿಸುವುದಕ್ಕೆ ಲ್ಯಾಬಿನವರೆಲ್ಲ ‘ಊಟ ಹಾಕೋದು’ ಎನ್ನುತ್ತಾರೆ. ಭಾನುವಾರವೂ ತಪ್ಪಿಸುವಂತಿಲ್ಲ. “ನನ್ನ ಚರ್ಮಕ್ಕೆ ಹೊತ್ತುಹೊತ್ತಿಗೆ ಬಡಿಸ್ತೀಯಲ್ಲೇ, ನಿಂದು ಊಟ ಆಯ್ತಾ?” ಎಂದು ಅಮ್ಮ ಫೋನಿನಲ್ಲಿ ನಗುತ್ತಿದ್ದಳು.

(ಈ ಪ್ಯಾರಾ ಹೊಡೆದುಹಾಕಲು ಹೋದೆ. ಆ ನಗು ಕೈ ಹಿಡಿಯಿತು.)

೪
(ಮೂರನ್ನು ಹರಿದೆ. ಅದರಲ್ಲಿ ಆಸ್ಪತ್ರೆ ಇತ್ತು.)

ಇವತ್ತು ಪ್ರೊಫೆಸರ್ ಅಕ್ಕನಿಗೆ ಖಡಾಖಂಡಿತವಾಗಿ ಹೇಳಿದ್ದಾರೆ: ಹೀಗೇ ಬೆಳೆಸಿಟ್ಟುಕೊಂಡದ್ದು ಸಾಕು, ಸಂಜೆಯೊಳಗೆ ನರಕೋಶ ಮಾಡು, ಇಲ್ಲವೇ ಫ್ರೀಜ್ ಮಾಡಿಡು. ನಾನು ಲ್ಯಾಬಿಗೆ ಓಡಿಬಂದೆ.

“ಫ್ರೀಜ್ ಮಾಡಲ್ಲ,” ಎಂದಳು ಅಕ್ಕ. “ಐಸಲ್ಲಿ ಅಮ್ಮನ್ನ ಒಂದ್ಸಲ ನೋಡಿದ್ದು ಸಾಲ್ದಾ?”

“ಹಾಗಾದ್ರೆ ನರಕೋಶ ಮಾಡೇ. ಮಿನುಗೋದು ನಾನು ನೋಡ್ಬೇಕು.”

“ಅದು ಅಮ್ಮ ಅಲ್ಲ ಕಣೋ. ಅದಕ್ಕೆ ನಿನ್ನ ನೆನಪಿರಲ್ಲ.”

“ಅಮ್ಮ ಅಲ್ದಿದ್ರೆ ತಬ್ಕೊಂಡು ಕೂತಿದ್ದೀಯ ಯಾಕೆ?”

ಅಕ್ಕ ತಟ್ಟೆಯನ್ನು ತನ್ನತ್ತ ಸರಿಸಿಕೊಂಡಳು.

“ಅರ್ಧ ನಿನಗೆ, ಅರ್ಧ ನನಗೆ,” ಎಂದೆ.

“ಥೂ, ಅಮ್ಮನ್ನೂ ಪಾಲು ಮಾಡ್ಕೊಳ್ಳೋಣ್ವಾ?”

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಲ್ಯಾಬು ಇನ್ನಷ್ಟು ದೊಡ್ಡದಾಗಿ ಕಂಡಿತು.

೫
ಮುಕ್ತಾಯ ಒಂದು: ನರಕೋಶಗಳು ಮಿನುಗುತ್ತವೆ. ನಾನು ಮೈಕ್ರೋಸ್ಕೋಪಿನ ಪರದೆಗೆ ಮೂಗು ತಾಗಿಸಿ “ಅಮ್ಮಾ” ಎನ್ನುತ್ತೇನೆ.

ಮುಕ್ತಾಯ ಎರಡು: ಅಕ್ಕ ಮುದುಕಿಯಾಗುತ್ತಾಳೆ. ತಟ್ಟೆಯಲ್ಲಿ ಅಮ್ಮ ಇನ್ನೂ ಹುಟ್ಟೇ ಇಲ್ಲ.

ಅಕ್ಕ ನನ್ನ ಹೆಗಲ ಮೇಲಿಂದ ಓದಿದಳು. “ಮೊದಲನೇದು ಸಿನಿಮಾ, ಎರಡನೇದು ಶಾಪ. ಕತೇಲಾದ್ರೂ ನನ್ನ ಹಿಂದಿನಿಂದ ದಬ್ಬಬೇಡ್ವೋ.”

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

೬
ಸಂಜೆಯಾಗುತ್ತಿದೆ. ಕಾರಿಡಾರಿನಲ್ಲಿ ಪ್ರೊಫೆಸರರ ಬೂಟಿನ ಸದ್ದು. ಅಕ್ಕ ಕೈಗವಸು ಹಾಕಿ, ಎರಡೂ ದ್ರವಗಳ ಸೀಸೆಗಳನ್ನು ಬೆಚ್ಚಗಾಗಲು ಇಟ್ಟಿದ್ದಾಳೆ. ಮುಂದೇನು ಎಂದು ಕೇಳಬೇಡಿ. ಬರೆದರೆ ಆಗಿಹೋಗುತ್ತದೆ. ಆಗಿಹೋದದ್ದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಅಕ್ಕ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ, ಕೈ ಒಳಗಿಟ್ಟು ತಟ್ಟೆಯ ಮುಚ್ಚಳ ತೆಗೆದಳು. ತಲೆಯೆತ್ತದೆ ಕೇಳಿದಳು:

“ಊಟ ಆಯ್ತಾ?”

ತಟ್ಟೆಯನ್ನೋ, ನನ್ನನ್ನೋ. ಉತ್ತರ ಕೊಡಲು ಬಾಯಿದ್ದವನು ನಾನೊಬ್ಬನೇ.

“ಇನ್ನೂ ಇಲ್ಲ,” ಎಂದೆ.