ಅಕ್ಕನ ವೇಗ

ಕನ್ನಡಕದಂಗಡಿಯವನಿಗೆ ತನಗೆ ತಾನೇ ಗುರು ಎಂಬ ಜಂಬ. ರೇಸ್ ಸೈಕಲ್ಲಿನ ತರಬೇತಿಗೆ ಕ್ರಮವನ್ನೂ ಅವನೇ ಹಾಕಿಕೊಂಡಿದ್ದ. ವಾರದಲ್ಲಿ ಎರಡು ದಿನ ಮೈ ಮುರಿಯುವ ಹಾಗೆ ಏರು ಹತ್ತುವುದು, ಒಂದು ದಿನ ದೂರದ ಸವಾರಿ, ಉಳಿದ ದಿನ ಹಾಯಾಗಿ ತುಳಿಯುವುದು. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಹಾಯಾದ ದಿನ ಯಾರಾದರೂ ಪಕ್ಕದಲ್ಲಿ ಹಾದುಹೋದರೆ ಸಾಕು, ಪುಣ್ಯಾತ್ಮನಿಗೆ ಮೈಯೆಲ್ಲ ಉರಿ. ಹಾಲಿನವನನ್ನೂ ಬಿಡದೆ ಹಿಂದೆ ಹಾಕುತ್ತಿದ್ದ. ಹೀಗಾಗಿ ಏರು ಹತ್ತುವ ದಿನಕ್ಕೆ ಕಾಲಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೋದ ವರ್ಷ ಬೆಟ್ಟದ ರೇಸಿನಲ್ಲಿ ಗಡುವಿನೊಳಗೆ ತುದಿ ಮುಟ್ಟದೆ, ಹಿಂದುಳಿದವರನ್ನು ಹೆಕ್ಕಿಕೊಂಡು ಬರುವ ವ್ಯಾನಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಈ ಸಲವೂ ಹಾಗಾದರೆ ಸೈಕಲ್ ಮಾರಿಬಿಡುವುದೆಂದು ನಿಶ್ಚಯಿಸಿದ್ದ.

ಅಷ್ಟರಲ್ಲಿ ಅವನ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಯಿತು. ಮೆಲ್ಲಗೆ ಸೈಕಲ್ ತುಳಿಯುತ್ತಿರಿ, ಆದರೆ ಒಬ್ಬರೇ ಹೋಗಬೇಡಿ ಎಂದರು ಡಾಕ್ಟರು. ಹೊಲಿಗೆ ಕ್ಲಾಸಿನವರನ್ನೆಲ್ಲ ಕಣ್ಸನ್ನೆಯಲ್ಲೇ ಆಳುವ ಅಕ್ಕ ತಮ್ಮನನ್ನು ಕೇಳಲಿಲ್ಲ, ಹೇಳಿದಳು.

"ನಿನ್ನ ಹಾಯಾದ ದಿನಗಳೆಲ್ಲ ಇನ್ಮೇಲೆ ನಂದು."

"ಅಕ್ಕಾ, ನನ್ನ ತರಬೇತಿ ಹಾಳಾಗುತ್ತೆ..."

"ಸುಮ್ನೆ ಬಾರೋ, ದೊಡ್ಡ ಚಾಂಪಿಯನ್ನು!"

ಅವನು ಒಳಗೊಳಗೇ ಹಲ್ಲು ಕಡಿದ. ಅಕ್ಕನ ವೇಗಕ್ಕೆ ಬೀದಿನಾಯಿಯೂ ಎದ್ದು ಬೊಗಳುವ ಮನಸ್ಸು ಮಾಡುತ್ತಿರಲಿಲ್ಲ. ಯಾರಾದರೂ ಮುಂದೆ ಹೋದಾಗ ಅವನ ಕಾಲು ಚಡಪಡಿಸುತ್ತಿತ್ತು. ಸರಿಯಾಗಿ ಆಗಲೇ ಅಕ್ಕ ಮಾತು ತೆಗೆಯುತ್ತಿದ್ದಳು, ಯಾವಳೋ ಎಡತೋಳನ್ನು ಬಲಕ್ಕೆ ಹೊಲಿದ ಕಥೆ. ಹೂಂಗುಟ್ಟಿದರೆ ಸಾಲದು, ಉತ್ತರ ಕೊಡಬೇಕು, ಅದಕ್ಕೆ ಉಸಿರು ಉಳಿದಿರಬೇಕು. ಹೀಗೆ ಗೊಣಗುತ್ತಲೇ ವಾರಗಳು ಕಳೆದವು. ಒಂದು ದಿನ ಏರಿನಲ್ಲಿ ಕಾಲು ಕೇಳಿದಷ್ಟೂ ಕೊಟ್ಟಿತು. ಇಷ್ಟು ವರ್ಷ ಗುರುವೂ ದಡ್ಡ, ಶಿಷ್ಯನೂ ದಡ್ಡ ಎಂದು ಅವನಿಗೆ ಹೊಳೆದದ್ದು ಅವತ್ತೇ.

ರೇಸಿನ ದಿನ ಬೆಟ್ಟದ ಬುಡದಲ್ಲೇ ಎಷ್ಟೋ ಜನ ಅವನನ್ನು ಹಿಂದೆ ಹಾಕಿ ಹೋದರು. ಹೋಗಲಿ ಬಿಡು ಎಂದುಕೊಂಡು ತನ್ನ ಪಾಡಿಗೆ ತಾನು ತುಳಿದ. ಅವರಲ್ಲಿ ಹಲವರು ಮುಂದಿನ ತಿರುವುಗಳಲ್ಲಿ ರಸ್ತೆಬದಿ ಕೂತು ಏದುಸಿರು ಬಿಡುತ್ತಿದ್ದರು. ಅವನು ತುದಿ ಮುಟ್ಟಿದಾಗ ಗಡುವಿಗೆ ಇನ್ನೂ ಸಮಯವಿತ್ತು. ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಮುಟ್ಟಿದೆ! ಎಲ್ಲಾ ನಿನ್ನಿಂದ ಕಣೇ. ಈ ಋಣ ಹೇಗೆ ತೀರಿಸ್ಲಿ? ನಿನ್ನ ಕಾಲು ಪೂರ್ತಿ ವಾಸಿಯಾಗೋ ತನಕ ನಾನು ಜೊತೆಗೆ ಬರ್ತೀನಿ."

ಅಕ್ಕ ನಕ್ಕಳು. "ಕಾಲು ವಾಸಿಯಾಗಿದೆ, ಇನ್ನು ಸೈಕಲ್ ತುಳಿಯೋದು ಬೇಕಿಲ್ಲ ಅಂತ ಡಾಕ್ಟರು ಎಂದೋ ಹೇಳಿದ್ರು."

"ಮತ್ಯಾಕೆ ಬರ್ತಿದ್ದೆ?"

"ನಿನ್ನ ಕಾಲು ಆಗ ತಾನೇ ಸರಿಹೋಗ್ತಿತ್ತಲ್ಲೋ."

ಅಷ್ಟು ಜನರ ನಡುವೆ ನಿಂತು ಅವನು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟ.